ವಾರ್ಡಶಾಸ್ತ್ರ ಪ್ರವೇಶಿಕೆ: ಶಿಕಾಗೊ ಶಾಖೆ

ನಗರಪಾಲಿಕೆ ಸದಸ್ಯನ ಬಗ್ಗೆ ಕನ್ನಡದಲ್ಲಿ ಒಂದು ಸಮಗ್ರ ಶಾಸ್ತ್ರಗ್ರಂಥ ಬಾರದಿರುವುದಕ್ಕೆ ವಿದ್ವಾಂಸರ ಸೋಮಾರಿತನ ಕಾರಣವಲ್ಲ. ಕ್ಷೇತ್ರಕಾರ್ಯಕ್ಕೆ ಹೊರಟರೆ ಕ್ಷೇತ್ರವೇ ಖಾಲಿ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಅಷ್ಟರಲ್ಲಿ ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ ಏರಿ, 225ಕ್ಕೆ ಇಳಿದು, ಕಡೆಗೆ ಪಾಲಿಕೆಯೇ ಐದು ಹೋಳಾಯಿತು. ಗಡಿಯುಂಟು, ನಕ್ಷೆಯುಂಟು, ಅಧ್ಯಯನಕ್ಕೆ ಆಸಾಮಿ ಮಾತ್ರ ಇಲ್ಲ. ಹೀಗಾಗಿ ಪ್ರಸ್ತುತ ಪ್ರಬಂಧಕಾರನು ಐವತ್ತು ವಾರ್ಡುಗಳಲ್ಲೂ ಸದಸ್ಯಸಂತತಿ ಸೊಂಪಾಗಿ ಬೆಳೆದಿರುವ ಅಮೆರಿಕದ ಶಿಕಾಗೊ ನಗರವನ್ನೇ ಆಕರವಾಗಿ ಸ್ವೀಕರಿಸಿದ್ದಾನೆ.

ಅಲ್ಲಿ ಕಾರ್ಪೊರೇಟರನಿಗೆ ಆಲ್ಡರ್‌ಮನ್ ಎಂದು ಹೆಸರು. 1970ರ ದಶಕದಿಂದೀಚೆಗೆ ಮೂವತ್ತಕ್ಕೂ ಹೆಚ್ಚು ಆಲ್ಡರ್‌ಮನ್ನರು ನ್ಯಾಯಾಲಯದಲ್ಲಿ ಅಪರಾಧಿಗಳಾಗಿದ್ದಾರೆ. ಈ ಪಟ್ಟಿಯನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ಇಟ್ಟುಕೊಂಡು ಬಂದವರು ರಾಜಕೀಯಶಾಸ್ತ್ರದ ಪ್ರಾಧ್ಯಾಪಕ ಡಿಕ್ ಸಿಂಪ್ಸನ್. ಅವರೂ ಎಪ್ಪತ್ತರ ದಶಕದಲ್ಲಿ ಆಲ್ಡರ್‌ಮನ್ ಆಗಿದ್ದವರೇ. ಜೈಲಿಗೆ ಹೋಗದೆ ಉಳಿದವನು ಪ್ರಾಧ್ಯಾಪಕನಾಗುತ್ತಾನೆ ಎಂದು ಇದರಿಂದ ಸೂತ್ರ ಕಟ್ಟಬಹುದಿತ್ತು. ಒಂದೇ ಉದಾಹರಣೆ ಸಿಕ್ಕಿದ್ದರಿಂದ ಕೈಬಿಡಲಾಗಿದೆ.

ಗುರುಪರಂಪರೆಯ ಆದಿಯಲ್ಲಿ ಇಬ್ಬರಿದ್ದಾರೆ: ಒಂದನೇ ವಾರ್ಡಿನ ‘ಬಾತ್‌ಹೌಸ್’ ಜಾನ್ ಕಾಫ್ಲಿನ್ ಮತ್ತು ‘ಹಿಂಕಿ ಡಿಂಕ್’ ಮೈಕೆಲ್ ಕೆನ್ನಾ. ಮೊದಲಿನವರು ಸ್ನಾನಗೃಹದಲ್ಲಿ ಗಿರಾಕಿಗಳ ಮೈ ತಿಕ್ಕುತ್ತಿದ್ದವರು, ಎರಡನೆಯವರು ಸೆರೆಯಂಗಡಿ ಇಟ್ಟವರು. 1923ರವರೆಗೆ ಅಲ್ಲಿ ವಾರ್ಡಿಗೆ ಇಬ್ಬರು ಸದಸ್ಯರು. ದ್ವೈತ ಸಿದ್ಧಾಂತ ಅಷ್ಟು ದೂರದಲ್ಲೂ ಬೇರೂರಿತ್ತೆಂಬುದನ್ನು ಉಡುಪಿಯ ಕಡೆಯ ಪಂಡಿತರು ಗಮನಿಸಬೇಕು. ಪರಂಪರೆಯ ಶುದ್ಧಿಯನ್ನು ನೋಡಬೇಕೆಂದರೆ 20ನೇ ವಾರ್ಡಿಗೆ ಹೋಗಬೇಕು. ಅಲ್ಲಿನ ಅರೆಂಡಾ ಟ್ರೌಟ್‌ಮನ್ ಲಂಚದ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ, 2007ರಲ್ಲಿ ಅವರನ್ನು ಸೋಲಿಸಿ ಬಂದವರು ಮಾಜಿ ಪೊಲೀಸ್ ಅಧಿಕಾರಿ ವಿಲ್ಲಿ ಕಾಕ್ರನ್. ಪೊಲೀಸರೇ ಬಂದರಲ್ಲ, ಇನ್ನು ಚಿಂತೆಯಿಲ್ಲ ಎಂದು ಜನ ನಿಟ್ಟುಸಿರುಬಿಟ್ಟರು. 2019ರಲ್ಲಿ ಕಾಕ್ರನ್ ತಪ್ಪೊಪ್ಪಿಕೊಂಡರು. ವಾರ್ಡಿನ ಬಡವರಿಗೆಂದು ಕೂಡಿಸಿದ್ದ ನಿಧಿಯ ದುಡ್ಡು ಅವರ ಸ್ವಂತ ಖರ್ಚಿಗೆ ಹೋಗಿತ್ತು.

ಇಷ್ಟು ಪೀಠಿಕೆ ಸಾಕು. ಶಾಸ್ತ್ರದ ಮೂಲಸೂತ್ರ ಇದು: ‘ತಡೆಯಬಲ್ಲವನೇ ಒಡೆಯ.’

ಭಾಷ್ಯ: ತನ್ನ ವಾರ್ಡಿನೊಳಗೆ ಯಾವ ಕಟ್ಟಡ ಏಳಬೇಕು, ಯಾವ ಬೋರ್ಡು ನೇತಾಡಬೇಕು, ಯಾವ ಗೇಟು ರಸ್ತೆಗೆ ತೆರೆಯಬೇಕು ಎಂಬುದಕ್ಕೆಲ್ಲ ಆಲ್ಡರ್‌ಮನ್ ತಲೆಯಾಡಿಸಬೇಕು. ಇದು ಯಾವ ಕಾನೂನಿನಲ್ಲೂ ಬರೆದಿಟ್ಟ ಅಧಿಕಾರವಲ್ಲ. ನನ್ನ ವಾರ್ಡಿಗೆ ನೀನು ಕೈಹಾಕಬೇಡ, ನಿನ್ನದಕ್ಕೆ ನಾನು ಹಾಕುವುದಿಲ್ಲ ಎಂದು ಐವತ್ತು ಮಂದಿ ಪಾಲಿಸಿಕೊಂಡು ಬಂದ ಆಚಾರ. ಬರೆದಿಟ್ಟದ್ದನ್ನು ಅಳಿಸಬಹುದು, ಆಚಾರವನ್ನು ಅಳಿಸುವುದು ಹೇಗೆ? 2019ರಲ್ಲಿ ಮೇಯರ್ ಲೋರಿ ಲೈಟ್‌ಫುಟ್ ಅಧಿಕಾರ ಸ್ವೀಕರಿಸಿದ ದಿನವೇ ಇದರ ವಿರುದ್ಧ ಆದೇಶಕ್ಕೆ ಸಹಿ ಹಾಕಿದರು. ಬರೆಯದೇ ಇದ್ದುದನ್ನು ಬರೆದು ರದ್ದುಮಾಡಿದ ಅಪರೂಪದ ಪ್ರಯೋಗವದು.

ಪೂರ್ವಪಕ್ಷ: ಕೇಳಿ ಪಡೆದರೆ ಲಂಚ, ಕೇಳದಿದ್ದರೆ ಹೇಗೆ ಲಂಚವಾದೀತು?

ಇದಕ್ಕೆ ಉತ್ತರ ಹೇಳಬಲ್ಲ ಮಹಾಪುರುಷರು 14ನೇ ವಾರ್ಡಿನ ಎಡ್ವರ್ಡ್ ಬರ್ಕ್. ತಂದೆಯ ನಂತರ ಅದೇ ಪೀಠಕ್ಕೆ 1969ರಲ್ಲಿ ಬಂದು 2023ರವರೆಗೆ, ಅಂದರೆ 54 ವರ್ಷ, ಕುರ್ಚಿ ಬಿಡದವರು. ಪಟ್ಟೆಪಟ್ಟೆ ಸೂಟು, ಜೇಬಿನಲ್ಲಿ ಮಡಿಸಿಟ್ಟ ರೇಷ್ಮೆ ಕರವಸ್ತ್ರ. ಇವರೂ ಹಿಂದೆ ಪೊಲೀಸರೇ. ಪಾಲಿಕೆಯ ಹಣಕಾಸು ಸಮಿತಿಯ ಅಧ್ಯಕ್ಷರಾಗಿದ್ದ ಇವರಿಗೆ ಸ್ವಂತದ್ದೊಂದು ವಕೀಲಿ ಕಚೇರಿಯಿತ್ತು. ಅದರ ಕಸುಬು ದೊಡ್ಡ ಕಟ್ಟಡಗಳ ಆಸ್ತಿ ತೆರಿಗೆ ಇಳಿಸಿಕೊಡುವುದು. ಶಿಕಾಗೊದ ಟ್ರಂಪ್ ಟವರ್ ಕೂಡ ಇವರ ಕಕ್ಷಿ. ಒಂದು ಕೈಯಲ್ಲಿ ಬೊಕ್ಕಸ ಕಾಯುವುದು, ಇನ್ನೊಂದು ಕೈಯಲ್ಲಿ ಬೊಕ್ಕಸಕ್ಕೆ ಬರುವುದನ್ನು ಕಡಿಮೆ ಮಾಡುವುದು. ಆಗ ಎರಡೂ ಕಾನೂನುಬದ್ಧ.

ಈಗ ಪ್ರಯೋಗ ನೋಡಿ. ಇವರ ವಾರ್ಡಿನಲ್ಲೊಂದು ಬರ್ಗರ್ ಕಿಂಗ್ ಹೋಟೆಲು, ಮಾಲೀಕರು ಅದನ್ನು ನವೀಕರಿಸಲು ಹೊರಟಿದ್ದರು. ಬರ್ಕ್ ಮಹಾಶಯರು ಅವರನ್ನು ಊಟಕ್ಕೆ ಕರೆದರು. ತಮ್ಮ ಕಚೇರಿ ತೆರಿಗೆ ವ್ಯಾಜ್ಯ ನೋಡಿಕೊಳ್ಳುತ್ತದೆ ಎಂಬುದು ಮಾತಿನ ನಡುವೆ ಬಂತು. ತೆರಿಗೆ ಕೆಲಸ ಇವರ ಕಚೇರಿಗೆ ಬರಲಿಲ್ಲ. ಕೆಲವು ತಿಂಗಳಲ್ಲಿ ಹೋಟೆಲಿನ ಮುಂದೆ ಕಾರು ಒಳಬರುವ ದಾರಿಗೆ ಪರವಾನಗಿ ಇಲ್ಲವೆಂಬ ಅಂಶ ಪತ್ತೆಯಾಯಿತು, ಕೆಲಸ ನಿಂತಿತು. ಯಾರೂ ದುಡ್ಡು ಕೇಳಿಲ್ಲ, ಯಾರೂ ಗದರಿಸಿಲ್ಲ. ನಮ್ಮ ಕಡೆ ‘ಫೈಲು ಸಾಹೇಬ್ರ ಟೇಬಲ್ ಮೇಲಿದೆ’ ಎನ್ನುತ್ತಾರಲ್ಲ, ಆ ಮಹಾವಾಕ್ಯದ ಶಿಕಾಗೊ ಪಾಠಾಂತರವಿದು.

ಇನ್ನೂ ಸೂಕ್ಷ್ಮವಾದದ್ದು ಫೀಲ್ಡ್ ಮ್ಯೂಸಿಯಂ ಪ್ರಸಂಗ. ಬರ್ಕ್ ಅವರ ಸ್ನೇಹಿತರ ಮಗಳೊಬ್ಬಳು ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದ್ದಳು, ಮ್ಯೂಸಿಯಂನವರು ಉತ್ತರ ಬರೆಯಲಿಲ್ಲ. 2017ರಲ್ಲಿ ಅದೇ ಮ್ಯೂಸಿಯಂ ಪ್ರವೇಶ ಶುಲ್ಕ ಏರಿಸಲು ಹೊರಟು, ಬೆಂಬಲ ಬೇಕೆಂದು ಇವರಿಗೆ ಫೋನ್ ಮಾಡಿತು. ಶುಲ್ಕದ ವಿಷಯ ಅಲ್ಲಿಯೇ ಇರಲಿ, ಆ ಹುಡುಗಿಯ ಅರ್ಜಿ ಏನಾಯಿತು? ಡೈನೊಸಾರಿನ ಅಸ್ಥಿಪಂಜರ ಕಾಯುವ ಸಂಸ್ಥೆಯ ಮೈ ನಡುಗಿಹೋಯಿತು. ಓಡೋಡಿ ಹುಡುಗಿಗೆ ಪೂರ್ಣಕಾಲದ ಕೆಲಸದ ಸಂದರ್ಶನಕ್ಕೇ ಆಹ್ವಾನ ಹೋಯಿತು. ಅವಳು ಬರಲಿಲ್ಲ, ಬೇರೆ ಕಡೆ ಕೆಲಸ ನೋಡಿಕೊಂಡಳು. ಈ ಶಾಸ್ತ್ರದಲ್ಲಿ ಬರುವ ಪಾತ್ರಗಳಲ್ಲಿ ಸ್ವಂತ ಬಲದಿಂದ ಏನನ್ನಾದರೂ ಪಡೆದವಳು ಬಹುಶಃ ಅವಳೊಬ್ಬಳೇ.

ಕೌಟಿಲ್ಯನು ಸರ್ಕಾರಿ ಹಣ ನುಂಗುವ ನಲವತ್ತು ಬಗೆಗಳನ್ನು ಪಟ್ಟಿಮಾಡಿದ್ದಾನೆ, ನುಂಗುವವರನ್ನು ನೀರಿನ ಮೀನಿಗೆ ಹೋಲಿಸಿದ್ದಾನೆ. ಆ ಮೀನು ಯಾವ ಜಾತಿಯದೆಂದು ಮಾತ್ರ ಹೇಳಿಲ್ಲ. ಎರಡು ಸಾವಿರ ವರ್ಷದ ಈ ಸಂದೇಹ 2017ರಲ್ಲಿ ಪರಿಹಾರವಾಯಿತು. ಹಳೆಯ ಅಂಚೆ ಕಚೇರಿಯ ಮಹಾಕಟ್ಟಡವನ್ನು (ಅದರ ಹೊಟ್ಟೆಯೊಳಗೇ ಹೆದ್ದಾರಿ ಹಾದುಹೋಗುತ್ತದೆ) ದುರಸ್ತಿ ಮಾಡುತ್ತಿದ್ದ ಕಂಪನಿಯ ತೆರಿಗೆ ಕೆಲಸ ತಮಗೆ ಸಿಕ್ಕಿತೇ ಎಂದು ಬರ್ಕ್ ಸಹೋದ್ಯೋಗಿಯನ್ನು ಕೇಳಿದ್ದು ಹೀಗೆ: ಟ್ಯೂನಾ ಬಲೆಗೆ ಬಿತ್ತಾ? ಅದಕ್ಕೂ ಮುಂಚೆ ಗಲ್ಲಾಪೆಟ್ಟಿಗೆ ಇನ್ನೂ ಸದ್ದು ಮಾಡಿಲ್ಲ ಎಂದು ಅಲವತ್ತುಕೊಂಡದ್ದೂ ದಾಖಲೆಯಲ್ಲಿದೆ. ದಾಖಲೆ ಹೇಗೆ ಬಂತೆಂದರೆ, ಆ ಸಹೋದ್ಯೋಗಿ 25ನೇ ವಾರ್ಡಿನ ಡ್ಯಾನಿ ಸೋಲಿಸ್. ಸ್ವತಃ ಎಫ್‌ಬಿಐ ಕೈಗೆ ಸಿಕ್ಕಿಬಿದ್ದು, ತಲೆ ಉಳಿಸಿಕೊಳ್ಳಲು ಮೈಗೆ ಮೈಕು ಕಟ್ಟಿಕೊಂಡು ಓಡಾಡುತ್ತಿದ್ದರು.

2018ರ ನವೆಂಬರಿನಲ್ಲಿ ಎಫ್‌ಬಿಐ ಬರ್ಕ್ ಕಚೇರಿಗೆ ನುಗ್ಗಿ, ಗಾಜಿನ ಬಾಗಿಲಿಗೆ ಕಂದು ಕಾಗದ ಅಂಟಿಸಿ ಶೋಧ ನಡೆಸಿತು. ಜನವರಿಯಲ್ಲಿ ಮೊಕದ್ದಮೆ. ಫೆಬ್ರುವರಿಯಲ್ಲಿ ಚುನಾವಣೆ, ಮೊದಲ ಸುತ್ತಿನಲ್ಲೇ ಗೆಲುವು. ಮತದಾರರು ಪೇಪರ್ ಓದುವುದಿಲ್ಲ ಎಂಬ ವಾದವನ್ನು ಪ್ರಬಂಧಕಾರ ಒಪ್ಪುವುದಿಲ್ಲ. ಓದಿದ್ದರು, ಕಾರು ನಿಲ್ಲಿಸುವ ಜಾಗದ ಪರವಾನಗಿ ಮುಂದಿನ ತಿಂಗಳೂ ಬೇಕಲ್ಲ! ಮೇ ತಿಂಗಳ ಸಭೆಯಲ್ಲಿ ಇದೇ ಬರ್ಕ್ ಎದ್ದುನಿಂತು, ಪಾಲಿಕೆಯ ನಿಯಮಾವಳಿಯಲ್ಲಿ ಸದಸ್ಯರನ್ನೆಲ್ಲ ಗಂಡಸರೆಂದೇ ಬರೆದಿದೆ, ಇದು ಸರಿಯಲ್ಲ ಎಂದು ಆಕ್ಷೇಪಿಸಿದರು. ಮರುದಿನ 14 ಆರೋಪಗಳ ಪಟ್ಟಿ ಹೊರಬಿತ್ತು. ಅದರಲ್ಲಿ ವ್ಯಾಕರಣದೋಷವೇನೂ ಕಂಡುಬರಲಿಲ್ಲ.

2023ರ ಡಿಸೆಂಬರಿನಲ್ಲಿ ಹದಿಮೂರು ಆರೋಪಗಳು ಸಾಬೀತಾದವು. ಸರ್ಕಾರಿ ವಕೀಲರು ಕೇಳಿದ್ದು ಹತ್ತು ವರ್ಷ ಸೆರೆವಾಸ, ಕೋರ್ಟು ಕೊಟ್ಟಿದ್ದು ಎರಡು ವರ್ಷ, ಜೊತೆಗೆ 20 ಲಕ್ಷ ಡಾಲರ್ ದಂಡ. ಒಳಗೆ ಹೋಗಿ ವರ್ಷ ತುಂಬುವ ಮುಂಚೆಯೇ, 2025ರ ಜುಲೈನಲ್ಲಿ, ಎಂಬತ್ತೊಂದರ ಬರ್ಕ್ ಜೈಲಿನಿಂದ ಹೊರಬಂದರು.

ಸಂಪ್ರದಾಯದಂತೆ ಫಲಶ್ರುತಿ ಹೇಳಬೇಕು. ಈ ಶಾಸ್ತ್ರ ಓದಿದವರಿಗೆ ಫಲವೇನೆಂದು ತಿಳಿದುಬಂದಿಲ್ಲ. ಚುನಾವಣೆಗೆ ಚಂದಾ ಕೊಟ್ಟವರ ಫಲ ಮಾತ್ರ ಖಚಿತವಾಗಿದೆ: ಸೋಲಿಸ್ ತಮ್ಮ ಚುನಾವಣಾ ನಿಧಿಯಿಂದ ಎರಡು ಲಕ್ಷ ಡಾಲರಿಗೂ ಮಿಕ್ಕಿ ಎತ್ತಿ ಕ್ರಿಮಿನಲ್ ವಕೀಲರಿಗೆ ಕೊಟ್ಟದ್ದು ಸರಿಯೇ ಎಂದು ಯಾರೋ ಕೇಸು ಹಾಕಿದ್ದರು. ಅದಕ್ಕೆ ಅಡ್ಡಿಯಿಲ್ಲವೆಂದು ಇಲಿನಾಯ್ ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿತು.