ಬಡತನ ನಮಗೆ, ಬೆಡಗು ತಮಗೆ

ಇಂದ:
ಒಬ್ಬ ಫ್ರೀಲಾನ್ಸ್ ಚಿತ್ರಕಾರ, ಮೂಲ ಬೆಂಗಳೂರು, ಹಾಲಿ ವಾಸ ನಾಯ್‌ಕೋಲ್ನ್ ಬಡಾವಣೆಯಲ್ಲಿ ಬೇರೆಯವರ ಬಾಡಿಗೆ ಮನೆಯ ಒಂದು ಕೋಣೆ.

ಗೆ:
ಬರ್ಲಿನ್ ಮಹಾನಗರ, ಜರ್ಮನಿ.

ವಿಷಯ: ತಮ್ಮ ಬೆಡಗಿನಲ್ಲಿ ನಮ್ಮ ಪಾಲು ಕೋರಿ.

ಉಲ್ಲೇಖ: ತಮ್ಮ ಅಂದಿನ ಮೇಯರ್ ಕ್ಲೌಸ್ ವೊವೆರೈಟ್ ಅವರ 2003ರ ಹೇಳಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಬರ್ಲಿನ್ ಬಡ ಊರಾದರೂ ಸೆಕ್ಸಿ ಎಂದು ತಮ್ಮ ಮೇಯರ್ ಸಾಹೇಬರು ಆಡಿದ ಮಾತು ಬೆಂಗಳೂರಿನವರೆಗೂ ಬಂದು ಮುಟ್ಟಿತು. ಬಡತನದ ವ್ಯವಸ್ಥೆ ನಮಗೆ ಊರಲ್ಲೇ ಆಗಿತ್ತು. ಉಳಿದದ್ದಕ್ಕಾಗಿ ಬರ್ಲಿನ್ನಿಗೇ ಹೋಗಬೇಕೆಂದು ಚಿತ್ರ ಬರೆಯುವವರು, ಹಾಡು ಕಟ್ಟುವವರು, ಸಿನಿಮಾ ಎಡಿಟ್ ಮಾಡುವವರು ಹೊರಟು ಬಂದೆವು. "ಅಲ್ಲಿ ಯಾವ ಕಂಪನಿಯೋ?" ಎಂದು ದೊಡ್ಡಪ್ಪ ಕೇಳಿದರು. ಕಂಪನಿ ಇಲ್ಲ ದೊಡ್ಡಪ್ಪ, ಸ್ವತಂತ್ರವಾಗಿ ಕೆಲಸ ಎಂದೆ. "ಅಂದ್ರೆ ಸಂಬಳ ಇಲ್ಲ ಅನ್ನು" ಎಂದರು. ತಮ್ಮ ಕಾನೂನಿನ ಪುಟ ತೆರೆಯದೆಯೇ ಅವರು ಅದರ ಸಾರ ಹೇಳಿಬಿಟ್ಟಿದ್ದರು.

ನಮ್ಮಂಥವರು ಒಳಬರುವ ಬಾಗಿಲು ತಮ್ಮ ವಾಸಾನುಮತಿ ಕಾಯ್ದೆಯ 21ನೇ ಕಲಮಿನ 5ನೇ ಉಪಕಲಮಿನಲ್ಲಿದೆ. ಅಮೆರಿಕದ, ಜಪಾನಿನ, ಆಸ್ಟ್ರೇಲಿಯಾದ ಕಲಾವಿದ ವಿಮಾನ ಹತ್ತಿ ಬಂದು, ಊರು ಸುತ್ತಿ, ಮನಸ್ಸಿಗೆ ಹಿಡಿಸಿದ ಮೇಲೆ ಇಲ್ಲೇ ಅರ್ಜಿ ಹಾಕಬಹುದು. ಭಾರತದವನಿಗೆ ಬರ್ಲಿನ್ ಮೇಲಿನ ಪ್ರೀತಿ ಊರಲ್ಲಿರುವಾಗಲೇ, ವೀಸಾ ಅಪಾಯಿಂಟ್‌ಮೆಂಟಿಗೆ ಮುಂಚೆಯೇ ಹುಟ್ಟಿ, ಫೈಲಿಗೆ ಸೇರಿರಬೇಕು. ಫೈಲಿನಲ್ಲಿ ಕೆಲಸದ ಮಾದರಿಗಳು, ಆರೋಗ್ಯ ವಿಮೆ, 45 ದಾಟಿದವರಾದರೆ ಮುಪ್ಪಿನ ಕಾಲದ ಪಿಂಚಣಿಗೆ ಏರ್ಪಾಡು. ಇವುಗಳ ಮೇಲೆ, ಈ ಮನುಷ್ಯ ಬಂದರೆ ಕೆಲಸ ಕೊಡುತ್ತೇವೆ ಎಂದು ಗಿರಾಕಿಗಳು ಬರೆದ ಪತ್ರ. ಊರಿಗೆ ಕಾಲಿಡದವನು ಊರಿಗೆ ಬೇಕಾದವನು ಎಂದು ಊರಿನವರೇ ಬರೆದುಕೊಡಬೇಕು.

ಜೊತೆಗೆ, ಮುಂದೆ ಎಷ್ಟು ಗಳಿಸುತ್ತೀರಿ, ಎಷ್ಟು ಖರ್ಚು ಮಾಡುತ್ತೀರಿ ಎಂಬ ಅಂದಾಜು ಪಟ್ಟಿ. ಯುಗಾದಿ ಪಂಚಾಂಗದಲ್ಲಿ ರಾಶಿವಾರು ಆದಾಯ-ವ್ಯಯ ಅಚ್ಚು ಹಾಕಿಸುವ ನಾಡಿನಿಂದ ಬಂದ ನಮಗೆ ಇದೇನೂ ಹೊಸದಲ್ಲ. ಆದರೆ ವ್ಯಯ ಹೆಚ್ಚು ಬಂದ ರಾಶಿಯವರನ್ನು ನಮ್ಮಲ್ಲಿ ಗಡಿ ದಾಟಿಸಿದ್ದು ಕೇಳಿಲ್ಲ.

ಅನುಮತಿ ಕೈಗೆ ಬಂದಾಗ ನಾವು ಮಾಡಬಹುದಾದ ಕೆಲಸ ಯಾವುದೆಂದು ಅದರಲ್ಲೇ ಮುದ್ರಿಸಿರುತ್ತದೆ. ಹಗಲೆಲ್ಲ ಚಿತ್ರ ಬರೆದು ರಾತ್ರಿ ಬಾರಿನಲ್ಲಿ ಗ್ಲಾಸು ತೊಳೆಯುವ ಬರ್ಲಿನ್ ಕಲಾವಿದನ ಕಥೆ ಕೇಳಿಯೇ ನಾವು ಮರುಳಾಗಿದ್ದು. ಪ್ರತ್ಯೇಕ ಅನುಮತಿ ಇಲ್ಲದೆ ನಾವು ಗ್ಲಾಸು ತೊಳೆದರೆ ಅದು ಕಾನೂನುಬಾಹಿರ. ಹಾಗಾಗಿ ಉಪವಾಸವಿದ್ದರೂ ಕಲೆಯಿಂದಲೇ ಇರಬೇಕಾಗಿ ಬಂದಿದೆ. ನಮ್ಮ ಕಲಾನಿಷ್ಠೆಯನ್ನು ಕಾನೂನಿನ ಮೂಲಕ ಕಾಪಾಡಿದ್ದಕ್ಕೆ ತಮಗೆ ವಂದನೆಗಳು.

ಇನ್ನು ಮನೆ. ಹೊಸ ಮನೆಗೆ ಹೋದ 14 ದಿನಗಳೊಳಗೆ ವಿಳಾಸ ನೋಂದಾಯಿಸಬೇಕು. ಅದೇ ಆನ್‌ಮೆಲ್ಡುಂಗ್. ಅದಕ್ಕೆ ಮನೆ ಕೊಟ್ಟವರ ಸಹಿಯ ಪತ್ರ ಬೇಕು. ಮನೆ ಕೊಡುವವರಿಗೆ ಆದಾಯದ ದಾಖಲೆಯೂ, ಸಾಲ-ಬಾಕಿಯ ಚರಿತ್ರೆ ಹೇಳುವ ಶೂಫಾ ಎಂಬ ಪತ್ರವೂ ಬೇಕು. ಈ ದೇಶದಲ್ಲಿ ಮನೆ, ಬ್ಯಾಂಕು, ಫೋನು ಯಾವುದೂ ಇಲ್ಲದವನಿಗೆ ಶೂಫಾದಲ್ಲಿ ಚರಿತ್ರೆ ಎಲ್ಲಿಂದ ಬರಬೇಕು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ್ದು ಬರ್ಲಿನ್ ನೋಡದೆಯೇ ಎಂಬುದು ನನಗೆ ಇನ್ನೂ ಸೋಜಿಗ. ಬೆಂಗಳೂರಿನಿಂದಲೇ ಬರುವ ಸಾಫ್ಟ್‌ವೇರ್ ಬಂಧುಗಳಿಗೆ ಬ್ಲೂ ಕಾರ್ಡ್ ಎಂಬ ವಾಸಾನುಮತಿ ಇದೆ, ತಿಂಗಳ ಸಂಬಳದ ಚೀಟಿ ಇದೆ, ಎಷ್ಟೋ ಸಲ ಮನೆ ಹುಡುಕಿಕೊಡಲು ಕಂಪನಿಯೇ ಇದೆ. ಅವರು ಬಂದದ್ದರಿಂದ ಊರು ಕ್ರಿಯೇಟಿವ್ ಆಯಿತೆಂದು ಮಾತ್ರ ಯಾರೂ ಹೇಳುವುದಿಲ್ಲ. ಆ ಗೌರವ ನಮ್ಮದು, ಫ್ಲಾಟು ಅವರದು.

ಸದ್ಯ, ನೋಂದಣಿಯಾದ ಕೂಡಲೇ ತಪ್ಪದೆ ಬರುವ ಒಂದು ಪತ್ರವಿದೆ. ಮನೆಯಲ್ಲಿ ಟಿವಿ ಇರಲಿ ಬಿಡಲಿ, ಪ್ರತಿ ಮನೆಯೂ ಪ್ರಸಾರ ಶುಲ್ಕವೆಂದು ತಿಂಗಳಿಗೆ 18.36 ಯೂರೋ ಕಟ್ಟಬೇಕು. ನಾನೊಬ್ಬ ಇಲ್ಲಿದ್ದೇನೆ ಎಂದು ಈ ಊರು ಮೊದಲು ಗುರುತಿಸುವುದು ಹೀಗೆ.

ಆಮೇಲೆ ತೆರಿಗೆ ಕಚೇರಿ. ಕಾವ್ಯದ ಆತ್ಮ ಯಾವುದೆಂದು ವಾಮನ, ಆನಂದವರ್ಧನ ಮುಂತಾದ ಕಾವ್ಯಮೀಮಾಂಸಕರು ತಲೆಮಾರುಗಳ ಕಾಲ ವಾದ ಮಾಡಿದರೂ ನಮ್ಮಲ್ಲಿ ವಿಷಯ ಬಗೆಹರಿಯಲಿಲ್ಲ. ಇಲ್ಲಿ ಅದನ್ನು ತೆರಿಗೆ ಅಧಿಕಾರಿ ಬಗೆಹರಿಸುತ್ತಾರೆ. ನಾನು ಬರೆದದ್ದರಲ್ಲಿ ಸ್ವಂತ ಸೃಷ್ಟಿ ಸಾಕಷ್ಟಿದ್ದರೆ ನಾನು ಕಲಾವಿದ, ವ್ಯಾಪಾರ ತೆರಿಗೆಯ ಗೊಡವೆಯಿಲ್ಲ. ಗಿರಾಕಿ ಹೇಳಿದಂತೆ ಗೆರೆ ಎಳೆದಿದ್ದರೆ ನಾನು ವ್ಯಾಪಾರಿ. ಸಾಬೂನಿನ ಪೊಟ್ಟಣದ ಮೇಲೆ ನಾನು ಬರೆದ ನವಿಲಿನಲ್ಲಿ ಆನಂದವರ್ಧನ ಹೇಳಿದ ಧ್ವನಿ ಇದೆಯೋ ಇಲ್ಲವೋ ಎಂಬುದು ಈಗ ಆದಾಯದ ಪ್ರಶ್ನೆ.

ಇಷ್ಟಾದರೂ ನಾವು ಬರುತ್ತಲೇ ಇರುವುದಕ್ಕೆ ತಮ್ಮ ಚರಿತ್ರೆಯೇ ಕಾರಣ. 1989ರಲ್ಲಿ ಗೋಡೆ ಬಿದ್ದಾಗ ಪೂರ್ವದ ಬಡಾವಣೆಗಳಲ್ಲಿ ಮನೆಗಳು ಸಾಲುಸಾಲಾಗಿ ಖಾಲಿ ಬಿದ್ದಿದ್ದವು. 1990ರಲ್ಲಿ ಕಲಾವಿದರು ಒರಾನಿಯೆನ್‌ಬುರ್ಗರ್ ಬೀದಿಯ ಪಾಳುಬಿದ್ದ ಮಳಿಗೆಯೊಂದಕ್ಕೆ ನುಗ್ಗಿ ತಾಖೆಲೆಸ್ ಎಂದು ಹೆಸರಿಟ್ಟು ಸ್ಟುಡಿಯೋ ಮಾಡಿಕೊಂಡರು. ಅವರ ಹತ್ತಿರ ಅಂದಾಜು ಪಟ್ಟಿ ಇರಲಿಲ್ಲ, ಶೂಫಾ ಇರಲಿಲ್ಲ, ಬಾಡಿಗೆ ಕರಾರೂ ಇರಲಿಲ್ಲ. ತಮ್ಮ ಹೆಸರು ಲೋಕಕ್ಕೆಲ್ಲ ಹಬ್ಬಿದ್ದು ಇಂಥವರಿಂದ. 2012ರಲ್ಲಿ ಉಳಿದವರನ್ನೂ ತೆರವು ಮಾಡಿಸಲಾಯಿತು. ಈಗ ಅಲ್ಲಿ ದುಬಾರಿ ಫ್ಲಾಟುಗಳು, ಕಚೇರಿಗಳು, ಒಂದು ಫೋಟೋ ಮ್ಯೂಸಿಯಂ. ಗಾಯಕ ಡೇವಿಡ್ ಬೋವಿ 1976ರಿಂದ 78ರವರೆಗೆ ಇದ್ದ ಶೋನೆಬರ್ಗ್‌ನ ಮನೆಗೆ 2016ರಲ್ಲಿ ಫಲಕ ಹಾಕಿದಿರಿ. ಕಲಾವಿದ ಖಾಲಿ ಮಾಡಿಕೊಂಡು ಹೋದ ಮೇಲೆ ಅವನ ಮೇಲೆ ತಮಗೆ ಬರುವ ಅಕ್ಕರೆ ನಿಜಕ್ಕೂ ದೊಡ್ಡದು.

ಕ್ರಮ ಎಲ್ಲ ಬಡಾವಣೆಗೂ ಒಂದೇ. ಮೊದಲು ಕಲಾವಿದ ಬರುತ್ತಾನೆ, ಅವನ ಹಿಂದೆ ಕಾಫಿ ಅಂಗಡಿ, ಅದರ ಹಿಂದೆ ಪತ್ರಿಕೆಯವರು, ಅವರ ಹಿಂದೆ ಕಟ್ಟಡ ಕೊಳ್ಳುವವರು. ಕೊನೆಗೆ ಕಲಾವಿದನ ಕೈಗೆ ಬಾಡಿಗೆ ಏರಿಕೆಯ ಪತ್ರ. ಪ್ರೆನ್ಸ್‌ಲಾವರ್ ಬರ್ಗ್‌ನಲ್ಲಿ ಹೀಗಾಯಿತು, ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಆಯಿತು, ಈಗ ನಮ್ಮ ನಾಯ್‌ಕೋಲ್ನ್‌ನಲ್ಲಿ ಆಗುತ್ತಿದೆ. 2020ರಲ್ಲಿ ಬಾಡಿಗೆಗೆ ಮಿತಿ ಹಾಕಿ ಕಾಯ್ದೆ ತಂದಿರಿ. ಅಂಥ ಕಾಯ್ದೆ ಮಾಡುವ ಅಧಿಕಾರವೇ ತಮಗಿಲ್ಲವೆಂದು 2021ರ ಏಪ್ರಿಲಿನಲ್ಲಿ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. 2025ರಲ್ಲಿ ಕೊರತೆ ಬಂದಾಗ ಸಂಸ್ಕೃತಿಯ ಬಜೆಟ್ಟಿನಿಂದ ಸುಮಾರು 130 ಮಿಲಿಯನ್ ಯೂರೋ ಕಡಿತ ಮಾಡಿದಿರಿ. ಅದಕ್ಕೆ ಯಾವ ನ್ಯಾಯಾಲಯವೂ ಅಡ್ಡ ಬರಲಿಲ್ಲ. ಮೇಯರ್ ಸಾಹೇಬರ ಮಾತು ಹೀಗೆ ಕಾಲಕ್ರಮದಲ್ಲಿ ಪಾಲಾಗಿದೆ. ಸೆಕ್ಸಿ ಎಂಬ ಭಾಗ ಮನೆ ಮಾಲೀಕರ ಖಾತೆಗೆ, ಬಡ ಎಂಬ ಭಾಗ ಯಥಾಪ್ರಕಾರ ನಮ್ಮ ಹೆಸರಿಗೆ.

ಮಾನ್ಯರೇ, ನಮ್ಮನ್ನು ಒಂದಿಷ್ಟೂ ಹೊಗಳದೆ ನಮಗೆ ಉಪಕಾರ ಮಾಡಿದ್ದು ತಮ್ಮ ದೇಶದಲ್ಲಿ ಒಂದೇ ಕಾಯ್ದೆ. 1981ರಲ್ಲಿ ಅಂಗೀಕಾರವಾಗಿ 1983ರಲ್ಲಿ ಜಾರಿಗೆ ಬಂದ ಕಲಾವಿದರ ಸಾಮಾಜಿಕ ವಿಮಾ ಕಾಯ್ದೆ. ಸ್ವತಂತ್ರ ಕಲಾವಿದನ ಆರೋಗ್ಯ ವಿಮೆ, ಪಿಂಚಣಿ ಕಂತುಗಳಲ್ಲಿ ಅರ್ಧ ಅವನದು. ಉಳಿದ ಅರ್ಧದಲ್ಲಿ ಒಟ್ಟು ಕಂತಿನ ಶೇ. 20 ಸರ್ಕಾರದ್ದು, ಶೇ. 30 ಅವನ ಕೆಲಸ ಬಳಸುವ ಪ್ರಕಾಶಕರು, ಜಾಹೀರಾತು ಕಂಪನಿಗಳು ಮುಂತಾದವರದು. ಇವರು ಕಲಾವಿದನಿಗೆ ಕೊಟ್ಟ ಸಂಭಾವನೆಯ ಮೇಲೆ ಶುಲ್ಕ ಕಟ್ಟುತ್ತಾರೆ; 2025ರಲ್ಲಿ ಅದು ಶೇ. 5. ಸ್ಫೂರ್ತಿ, ಪ್ರತಿಭೆ, ತ್ಯಾಗದ ಮಾತೇ ಇಲ್ಲದೆ, ಕಲೆಯನ್ನು ಬಳಸುವವನು ದುಡ್ಡು ಕಟ್ಟಲಿ ಎಂಬ ಲೆಕ್ಕ. ಚಿತ್ರ ಬರೆಯುವವನಿಗೂ ಹಲ್ಲು ನೋಯುತ್ತದೆ, ವಯಸ್ಸಾಗುತ್ತದೆ ಎಂದು ಒಪ್ಪಿಕೊಂಡ ಕಾಯ್ದೆ ಇದು. ಬೇರೆ ಊರುಗಳಲ್ಲಿ ಕಲಾವಿದರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಿಗುವುದನ್ನು ಬಲ್ಲ ನಾನು ಈ ಕಾಯ್ದೆಗೆ ಕೈಮುಗಿಯುತ್ತೇನೆ.

ಆದ ಕಾರಣ ಪ್ರಾರ್ಥನೆ ಏನೆಂದರೆ, ಅದೇ ಲೆಕ್ಕವನ್ನು ತಾವು ಇನ್ನು ಸ್ವಲ್ಪ ಮುಂದಕ್ಕೆ ವಿಸ್ತರಿಸಬೇಕು. "ಕಲಾವಿದರ ಬಡಾವಣೆ, ಜೀವಂತ ಪರಿಸರ" ಎಂದು ಜಾಹೀರಾತು ಕೊಟ್ಟು ಫ್ಲಾಟು ಮಾರುವವರೂ, ಗೋಡೆ ಚಿತ್ರದ ಮುಂದೆ ಫೋಟೋ ತೆಗೆಸಿ ಹೋಟೆಲು ತುಂಬಿಸುವವರೂ ನಮ್ಮ ಕೆಲಸ ಬಳಸುವವರೇ. ಅವರಿಂದಲೂ ಶೇ. 5 ವಸೂಲಿ ಮಾಡಿ, ಆ ದುಡ್ಡಿನಲ್ಲಿ ಬಾಡಿಗೆ ಏರದ ಸ್ಟುಡಿಯೋಗಳನ್ನು ಕಟ್ಟಿಸಿಕೊಡಬೇಕು. ಇದು ಆಗದಿದ್ದರೆ ಜಾಹೀರಾತಿನಿಂದ ನಮ್ಮನ್ನು ತೆಗೆದು ಸಾಫ್ಟ್‌ವೇರ್ ಬಂಧುಗಳ ಫೋಟೋ ಹಾಕಿಸಬೇಕಾಗಿ ಕೋರುತ್ತೇನೆ. ಅವರಿಗೂ ಸಂತೋಷವಾದೀತು.

ಇಂತಿ ತಮ್ಮ ವಿಧೇಯ,
ಫ್ರೀಲಾನ್ಸ್ ಚಿತ್ರಕಾರ

ವಿ.ಸೂ.: ಇಲ್ಲಿ ಫ್ಲಾಟುಗಳಿಗೆ ಸಾಮಾನ್ಯವಾಗಿ ನಂಬರು ಇರುವುದಿಲ್ಲ, ಟಪಾಲು ಡಬ್ಬಿಯ ಮೇಲೆ ಹೆಸರಿದ್ದರೆ ಮಾತ್ರ ಪತ್ರ ಮುಟ್ಟುತ್ತದೆ. ನನ್ನ ಕೋಣೆಯ ಅವಧಿ ಈ ತಿಂಗಳಿಗೆ ಮುಗಿಯುತ್ತದೆ. ಉತ್ತರ ತಡವಾದರೆ ಡಬ್ಬಿಯ ಮೇಲೆ ಬೇರೊಬ್ಬ ಕಲಾವಿದನ ಹೆಸರು ಅಂಟಿಸಿರುತ್ತದೆ. ಅವನ ಹೆಸರಿಗೇ ಕಳಿಸಿ, ಒಳಗಿನ ಒಕ್ಕಣೆ ಬದಲಿಸುವ ಅಗತ್ಯವಿಲ್ಲ.