ಗೇಟು ಹೊಸದು, ಗಾಡಿ ಹಳೇದು

ಸಿರವಾರದ ಬಸ್ ನಿಲ್ದಾಣದ ಹತ್ತಿರ ನನ್ನ ಮಾರುತಿ 800ರ ಬಾನೆಟ್ ಎತ್ತಿದರೆ ಸಾಕು, ಚಹಾದಂಗಡಿಯ ಬೆಂಚು ಖಾಲಿ. ನಾಲ್ಕು ಜನ ಕೈಯಲ್ಲಿ ಕಪ್ಪು ಹಿಡಿದುಕೊಂಡೇ ಬರುತ್ತಾರೆ. ಒಬ್ಬ ಹೊಗೆ ನೋಡಿ, "ನೀಲಿ ಬರಾಕತ್ತದ, ಆಯಿಲ್ ಕುಡ್ಯಾಕತ್ತದ್ರಿ ಮಾಸ್ತರ್ರ" ಎನ್ನುತ್ತಾನೆ. ಇನ್ನೊಬ್ಬ ಮಾತೇ ಆಡದೆ ಟೈರಿಗೆ ಒಮ್ಮೆ ಒದ್ದು ತಲೆ ಅಲ್ಲಾಡಿಸುತ್ತಾನೆ. ಮೂರನೆಯವನು ಗುಜರಿಯವನ ಫೋನ್ ನಂಬರು ಬಾಯಿಪಾಠ ಇಟ್ಟುಕೊಂಡವನು. ವಿಚಿತ್ರವೆಂದರೆ ಈ ನಾಲ್ವರಲ್ಲಿ ಒಬ್ಬನಿಗೂ ಕಾರಿಲ್ಲ.

ಗಾಡಿ ತಗೊಂಡದ್ದು 2005ರ ಕೊನೆಗೆ. ಆಗ ಮಾರುತಿ 800 ಇದ್ದವನೆಂದರೆ ಮದುವೆ ಪತ್ರಿಕೆಯಲ್ಲಿ ಹೆಸರು ಬರುವ ಮನುಷ್ಯ. ದೆಹಲಿಯಲ್ಲಿ 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಗಾಡಿಯ ಕೀಲಿ ಕೊಟ್ಟರು. 2014ರ ಜನವರಿಯಲ್ಲಿ ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತು. ನಮ್ಮ ಮನೆಯ ಗಾಡಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹದಿನೈದು ವರ್ಷ ತುಂಬಿದಾಗ ಆರ್.ಸಿ.ಗೆ ಐದು ವರ್ಷ ಆಯುಸ್ಸು ಸಿಕ್ಕಿತ್ತು, 600 ರೂಪಾಯಿಯಲ್ಲಿ. 2022ರ ಏಪ್ರಿಲಿನಿಂದ ಅದೇ ಶುಲ್ಕ 5,000 ಆಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ದಾಟಿದ ಕಾರಿಗೆ 10,000 ಎಂದರು. ನನಗೆ ಅರವತ್ತು ದಾಟಿದ್ದಕ್ಕೆ ಸಾರಿಗೆ ಬಸ್ಸಿನಲ್ಲಿ ನೂರಕ್ಕೆ 25 ರಿಯಾಯಿತಿ. ನನ್ನ ಕಾರಿಗೆ ಇಪ್ಪತ್ತು ದಾಟಿದ್ದಕ್ಕೆ ಜುಲ್ಮಾನೆ. ಇಬ್ಬರೂ ಹೊಗೆ ಬಿಡುತ್ತೇವೆ, ಇಬ್ಬರಿಗೂ ಬೆಳಗಿನ ಹೊತ್ತು ಎದ್ದೇಳುವುದು ಕಷ್ಟ. ಸರಕಾರ ಯಾವ ಲೆಕ್ಕದಲ್ಲಿ ನನ್ನನ್ನು ಹಿರಿಯ ಎಂದಿತು, ಅದನ್ನು ಗುಜರಿ ಎಂದಿತು, ತಿಳಿಯಲಿಲ್ಲ.

ಬೆಂಗಳೂರಿನಿಂದ ಹೆಂಡತಿಯ ತಮ್ಮ ಫೋನ್ ಮಾಡಿದ. "ಮಾಮಾ, ಸೆಪ್ಟೆಂಬರ್ 22ಕ್ಕ ಜಿ.ಎಸ್.ಟಿ. 28ರಿಂದ 18ಕ್ಕ ಇಳಿಸ್ಯಾರ. ಸಣ್ಣ ಗಾಡಿ ತಗೊಳ್ಳಾಕ ಇದಕ್ಕಿಂತ ಚಲೋ ಟೈಮ್ ಇಲ್ಲ." ಕೇಂದ್ರದವರು ಹತ್ತು ಇಳಿಸಿದ್ದು ನಿಜ. ಐದು ಲಕ್ಷದೊಳಗಿನ ಕಾರಿಗೂ ನೂರಕ್ಕೆ 13ರಂತೆ ಆಜೀವ ತೆರಿಗೆ ತಗೊಳ್ಳುವ ನಮ್ಮ ರಾಜ್ಯದ ಮಾತು ಅವನು ಎತ್ತಲಿಲ್ಲ. ಅವನದೇ ಕಾರಿನ ಕಂತು ಇನ್ನೂ ನಾಲ್ಕು ವರ್ಷ ಇದೆ. ಮುಳುಗುವವನಿಗೆ ಜೊತೆ ಬೇಕು.

ಇನ್ನು ನಮ್ಮ ಮಿಸ್ತ್ರಿ. ಹತ್ತು ವರ್ಷದಿಂದ ಅವನ ಬಾಯಲ್ಲಿ ಒಂದೇ ಮಾತು: "ಇದೊಂದು ಮಾಡಿಸಿಬಿಡ್ರಿ, ಮುಂದ ಚಿಂತಿ ಇಲ್ಲ." ಕ್ಲಚ್ ಪ್ಲೇಟ್ ಆಯಿತು, ರೇಡಿಯೇಟರ್ ಆಯಿತು, ಟಿಂಕರಿಂಗ್ ಎರಡು ಸಲ. ಗಾಡಿಯಲ್ಲಿ ಈಗ ಹಳೆಯದೆಂದು ಉಳಿದದ್ದು ನಂಬರ್ ಪ್ಲೇಟ್ ಮತ್ತು ನಾನು. ಮಾರುತ್ತೇನೆಂದರೆ ಮೂವತ್ತು ಸಾವಿರಕ್ಕೆ ಮೇಲೆ ಯಾರೂ ಏರುವುದಿಲ್ಲ. ಅವನು ಈಗ ಹೇಳುತ್ತಿರುವ ಇಂಜಿನ್ ಬೋರಿನ ಖರ್ಚು ಇಪ್ಪತ್ತೈದು.

ಆದರೂ ಈ ಸಲ ಹೊಸದೇ ತಗೊಳ್ಳುವುದೆಂದು ಮನಸ್ಸು ಮಾಡಿದ್ದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನಾಲ್ಕು ಎಕರೆ ಗದ್ದೆ ಇದೆ. ಎರಡನೇ ಬೆಳೆಯ ಭತ್ತ ಮಾರಿದರೆ ಮುಂಗಡದ ರೊಕ್ಕ. ಅಷ್ಟರಲ್ಲಿ ಹೊಸಪೇಟೆಯಲ್ಲಿ ನನಗಿಂತ ಮೊದಲೇ ಇನ್ನೊಬ್ಬರು ರಿಪೇರಿಯೋ ಬದಲಿಯೋ ಎಂದು ಕುಂತಿದ್ದರು.

1953ರ ಅಣೆಕಟ್ಟು, 33 ಗೇಟು. ಎಪ್ಪತ್ತು ವರ್ಷ ಅದಕ್ಕೂ ಇದೇ ಮಂತ್ರ: ಗ್ರೀಸ್ ಹಚ್ಚು, ಬಣ್ಣ ಬಳಿ, ಮುಂದ ಚಿಂತಿ ಇಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಹರಿದು ಗೇಟೇ ಕೊಚ್ಚಿ ಹೋಯಿತು. 105 ಟಿ.ಎಂ.ಸಿ. ತುಂಬಿದ್ದ ಅಣೆಕಟ್ಟಿನಿಂದ ನೀರನ್ನು ಕಣ್ಣೆದುರೇ ಹರಿಬಿಡಬೇಕಾಯಿತು. ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರು ಬಂದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಕೂರಿಸಿ ಒಂದು ವಾರದಲ್ಲಿ ಬೆಳೆ ಉಳಿಸಿದರು. ಆಗ ಅವರ ವಯಸ್ಸು ಎಂಬತ್ತರ ಆಚೀಚೆ. ಅವರಿಗೆ ಯಾರೂ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಲಿಲ್ಲ.

ಆಮೇಲೆ ತಜ್ಞರು ನೋಡಿ, ತೇಪೆ ಸಾಕು, 33ನ್ನೂ ಬದಲಿಸಿ ಎಂದರು. ಸರಿಯಾದ ಮಾತೇ. ಕೆಲಸಕ್ಕೆ ಅಣೆಕಟ್ಟಿನ ನೀರು ಇಳಿಸಬೇಕು, ಆದ್ದರಿಂದ ಈ ಸಲ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವೂ ಬಂತು. ಭತ್ತವಿಲ್ಲ ಎಂದರೆ ಮುಂಗಡವಿಲ್ಲ. ಅವರು ಬದಲಿ ಮಾಡಿದ್ದಕ್ಕೆ ನಾನು ರಿಪೇರಿಗೆ ಬಂದೆ. ಅದೇ ಕೆಲಸ ಒಂದೊಂದಾಗಿ ಇಪ್ಪತ್ತು ವರ್ಷ ಮೊದಲೇ ಶುರುವಾಗಿದ್ದರೆ ಈಗ ನನ್ನ ಮನೆ ಮುಂದೆ ಹೊಸ ಗಾಡಿಗೆ ನಿಂಬೆಹಣ್ಣು ಕಟ್ಟಿರುತ್ತಿದ್ದರು. ಹಾಗೆ ನೋಡಿದರೆ ಕೊನೆಭಾಗದ ನಮಗೆ ಗೇಟು ಗಟ್ಟಿಯಿದ್ದ ವರ್ಷಗಳಲ್ಲೂ ನೀರು ಮುಟ್ಟಿದ್ದು ರಸ್ತೆ ತಡೆದ ಮೇಲೆಯೇ. ಆ ರಿಪೇರಿ ಯಾವ ಸಮಿತಿಯ ವರದಿಯಲ್ಲೂ ಇದ್ದಂತಿಲ್ಲ.

ಈ ಲೆಕ್ಕವನ್ನೆಲ್ಲ ಹಾಳೆಯ ಮೇಲೆ ಬರೆದು ಹೆಂಡತಿಗೆ ತೋರಿಸಿದೆ. ಅವಳು ಅಕ್ಕಿ ಆರಿಸುತ್ತಲೇ ಕೇಳಿದಳು, "ರಾಯಚೂರಿಗೆ ಹೋಗಾಕ ಬಸ್ಸಿನ್ಯಾಗ ನನಗ ರೊಕ್ಕಿಲ್ಲ. ನಿಮಗ ಕಾಲು ಭಾಗ ಕಡಿಮಿ. ಕಾರು ಯಾಕ ಬೇಕ್ರಿ?"

ಬೆಂಚಿನ ನಾಲ್ವರೂ, ಭಾವಮೈದುನನೂ, ಮಿಸ್ತ್ರಿಯೂ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಸಿಕೊಳ್ಳದವನಂತೆ ಕೀಲಿ ತಗೊಂಡು ಹೊರಬಿದ್ದೆ.

ಮಿಸ್ತ್ರಿ ಫ್ಯಾನ್ ಬೆಲ್ಟ್ ಬೆರಳಲ್ಲಿ ಎಳೆದು ನೋಡಿದ. "ಹರಿಯಾಕ ಬಂದದ. ಈಗ ಬದಲಿ ಮಾಡ್ಲೇನ್ರಿ, ಹರಿದ ಮ್ಯಾಲ ಮಾಡ್ಲೇನು?"

"ಎಷ್ಟು ದಿನ ತಡೀತದ?"

ಅವನು ಬತ್ತಿದ ಕಾಲುವೆಯ ಕಡೆ ಒಮ್ಮೆ ನೋಡಿ, ಬಾನೆಟ್ ಹಾಕಿದ. "ಗೇಟ್ ಕುಂದ್ರೋತನಕ ನಡೀತದ, ತಗೋರಿ."