ಬಲೆ ಅವಳದು, ಬೋರ್ಡು ಅವನದು

ಸಮಕಾಲೀನ ಕಲಾವಿದರು ಹುಳಹುಪ್ಪಟೆ ಮುಂದಿಟ್ಟುಕೊಂಡು ಗಂಡು-ಹೆಣ್ಣಿನ ಲೆಕ್ಕ ಕೇಳತೊಡಗಿ ಬಹಳ ಕಾಲವಾಯಿತು. ಎಂಬತ್ತು ದಾಟಿದ ಲೂಯಿಸ್ ಬುರ್ಜ್ವಾ 1999ರಲ್ಲಿ ಒಂಬತ್ತು ಮೀಟರಿಗೂ ಎತ್ತರದ ಉಕ್ಕಿನ ಜೇಡ ಮಾಡಿ, ಹೊಟ್ಟೆಗೆ ಅಮೃತಶಿಲೆಯ ಮೊಟ್ಟೆ ತುಂಬಿ, ಅದಕ್ಕೆ ‘ಅಮ್ಮ’ ಎಂದೇ ಹೆಸರಿಟ್ಟರು. ಅವರ ತಾಯಿ ಚಿತ್ರ ನೇಯ್ದ ಹಳೆಯ ಪರದೆಗಳ ಹರಕು ಸರಿಪಡಿಸುತ್ತಿದ್ದವರು. (ಜೇಡ ಕೀಟವಲ್ಲ, ಅದಕ್ಕೆ ಎಂಟು ಕಾಲು ಎಂದು ಸಂಪಾದಕರಿಗೆ ಪತ್ರ ಬರೆಯಲು ಪೆನ್ನು ಹುಡುಕುತ್ತಿರುವ ಮಹನೀಯರು ದಯವಿಟ್ಟು ಕೂತುಕೊಳ್ಳಿ. ಗೊತ್ತಿದೆ.)

ಮುಂಬಯಿಯ ಸರದಿ 2013ರಲ್ಲಿ ಬಂತು. ಕಲಾವಿದೆ ರೀನಾ ಸೈನಿ ಕಲ್ಲಟ್ ಅವರು ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಮುಖಕ್ಕೇ ದೈತ್ಯ ಜೇಡರಬಲೆ ಕಟ್ಟಿದರು. ಎಳೆಯೆಲ್ಲ ರಬ್ಬರ್ ಸ್ಟಾಂಪು. ಸ್ಟಾಂಪಿನಲ್ಲಿ ಈ ಊರಿನ ಬೀದಿಗಳ ಅಳಿಸಿಹೋದ ಬ್ರಿಟಿಷ್ ಕಾಲದ ಹೆಸರುಗಳು. ಅವರು ಕೇಳಿದ್ದು ಮರೆವಿನ ಲೆಕ್ಕ. ಗಂಡು-ಹೆಣ್ಣಿನ ಲೆಕ್ಕ ನಾನು ಕೂಡಿಸಿಕೊಂಡದ್ದು. ಕ್ವೀನ್ಸ್ ರೋಡು ಮಹರ್ಷಿ ಕರ್ವೆ ರಸ್ತೆಯಾಯಿತು. ಪ್ರಿನ್ಸೆಸ್ ಸ್ಟ್ರೀಟು ಶಾಮಲದಾಸ್ ಗಾಂಧಿ ಮಾರ್ಗವಾಯಿತು. ಬಲೆ ಹೊತ್ತ ಮ್ಯೂಸಿಯಮ್ಮೇ 1975ರವರೆಗೆ ವಿಕ್ಟೋರಿಯಾ ಹೆಸರಿನದು. ಪರಂಗಿ ಹೆಸರು ಹೋದದ್ದಕ್ಕೆ ಅಳುವವರು ಯಾರೂ ಇಲ್ಲ. ಆದರೆ ರಾಣಿ ಹೋದಳು, ರಾಜಕುಮಾರಿ ಹೋದಳು, ಬಂದವರೆಲ್ಲ ಗಡ್ಡಮೀಸೆಯವರು!

ಕರ್ವೆಯವರು ದೊಡ್ಡವರೇ. 1893ರಲ್ಲಿ ವಿಧವೆಯನ್ನು ಮದುವೆಯಾದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು. ಆ ವಧು ಗೋದೂಬಾಯಿ ಅಕ್ಷರ ಕಲಿತದ್ದು ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ. ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಹೆಣ್ಣುಮಗಳು 1889ರಲ್ಲಿ ಇದೇ ಮುಂಬಯಿಯಲ್ಲಿ ತೆರೆದ ಶಾಲೆ ಅದು. ರಸ್ತೆ ಹಂಚುವಾಗ ಕರ್ವೆಯವರಿಗೆ ಚರ್ಚ್‌ಗೇಟಿನಿಂದ ರೈಲುಹಳಿಯ ಪಕ್ಕಕ್ಕೇ ಉದ್ದಾನುದ್ದ ದಾರಿ. ರಮಾಬಾಯಿಯವರಿಗೆ ಗಾಂವದೇವಿಯಲ್ಲೊಂದು ಮಾರ್ಗ.

ಇನ್ನು ನಿಜವಾದ ಜೇಡದ ಮನೆಯ ಲೆಕ್ಕ ನೋಡಬೇಕೆಂದರೆ ಬೋರಿವಲಿಯ ಸಂಜಯ್ ಗಾಂಧಿ ಉದ್ಯಾನಕ್ಕೆ ಮಳೆ ಹಿಂತೆಗೆಯುವ ಹೊತ್ತಿಗೆ ಹೋಗಿ. ಎರಡು ಮರಗಳ ನಡುವೆ ಹೊಂಬಣ್ಣದ ಬಲೆ, ನಡುವೆ ಕಾಲು ಚಾಚಿದರೆ ಅಂಗೈಯಗಲದ ಹೆಣ್ಣು ಜೇಡ. ಅಂಚಿನಲ್ಲಿ ಭತ್ತದ ಕಾಳಿಗಿಂತ ಚಿಕ್ಕದಾದ ಕೆಂಪು ಚುಕ್ಕೆ ಕಂಡರೆ ಒರೆಸಲು ಹೋಗಬೇಡಿ, ಅದೇ ಗಂಡು. ಬಲೆ ನೇಯುವ ಗೊಡವೆ ಅದಕ್ಕಿಲ್ಲ. ಅವಳ ಬಲೆಗೆ ಬಿದ್ದ ಸಣ್ಣಪುಟ್ಟ ಹುಳ ತಿಂದುಕೊಂಡು, ಅವಳು ಊಟದಲ್ಲಿ ಮೈಮರೆತಾಗ ಮೆಲ್ಲಗೆ ಹತ್ತಿರ ಸರಿಯುತ್ತದೆ. ಇಷ್ಟಾದರೂ ಬಲೆಗೆ ತನ್ನ ಹೆಸರಿನ ಬೋರ್ಡು ಹಾಕಿಸಿಕೊಂಡಿಲ್ಲ. ಪಾಲಿಕೆಯಲ್ಲಿ ಗುರುತಿನವರು ಇಲ್ಲವೇನೋ.

ಗ್ಯಾಲರಿಯಲ್ಲಿ ವೈನ್ ಹಿಡಿದು ಜೇಡದ ಸ್ತ್ರೀಶಕ್ತಿಯ ಬಗ್ಗೆ ತಾಸುಗಟ್ಟಲೆ ಮಾತಾಡಿದ ಯಜಮಾನರು ಡೊಂಬಿವಲಿ ಲೋಕಲ್ಲಿನಲ್ಲಿ ಮನೆ ಸೇರಿ, ಮಾಡಿನ ಮೂಲೆ ನೋಡಿ ಗುಡುಗುತ್ತಾರೆ: “ಏನೇ ಇದು, ಗಣಪತಿ ಹಬ್ಬ ಬಂತು, ಬಲೆ ಹೊಡೆಯೋಕೆ ಪುರುಸೊತ್ತಿಲ್ವಾ?”

ಆಕೆ ಚಪಾತಿ ಲಟ್ಟಿಸುತ್ತಲೇ ಹೇಳುತ್ತಾಳೆ: “ಅದು ಇನ್‌ಸ್ಟಾಲೇಶನ್ನು ರೀ. ಕೆಳಗೆ ನಿಮ್ಮ ಹೆಸರು ಹಾಕಿಸ್ಕೊಳ್ಳಿ.”